ಗೋದಲಿಯ ಕುರಿಮರಿ ಮುಟ್ಟಲಿ ಬಿಡಿ

[ದೃಶ್ಯ: ಪುಟ್ಟ ಕೈಯೊಂದು ಗೋದಲಿಯ ಕುರಿಮರಿ ಹತ್ತಿರ ಹೋಗಿ ನಿಲ್ಲುತ್ತದೆ]

ಕ್ರಿಸ್ಮಸ್ ಹೊತ್ತಿಗೆ ಮೈಸೂರಿನ ಸಂತ ಫಿಲೋಮಿನಾ ಚರ್ಚಿಗೆ ಹೋಗಿ ನೋಡಿ. ಯೇಸು ಹುಟ್ಟಿದ ಕೊಟ್ಟಿಗೆಯನ್ನು ಬೊಂಬೆಗಳಲ್ಲಿ ತೋರಿಸುವ ಗೋದಲಿ ಮುಂದೆ ಮಕ್ಕಳ ಗುಂಪು. ಯಾವುದೋ ಮಗು ಕುರಿಮರಿ ಕಡೆ ಕೈ ಚಾಚುತ್ತದೆ. ಹಿಂದಿನಿಂದ ದನಿ ಬರುತ್ತದೆ, "ಏಯ್, ಮುಟ್ಬೇಡ!" ದಸರಾ ಗೊಂಬೆ ಕೂರಿಸಿದ ಮನೆಯಲ್ಲೂ ಇದೇ ಮಾತು, ಅಲ್ವಾ?

ನಾನು ಇಲ್ಲೇ ಒಂದು ಸಂಡೇ ಸ್ಕೂಲಿನಲ್ಲಿ ನಾಲ್ಕರಿಂದ ಏಳು ವರ್ಷದ ಮಕ್ಕಳಿಗೆ ಕಥೆ ಹೇಳುತ್ತೇನೆ. ಮುಟ್ಟಲು ಬಿಟ್ಟರೆ ಏನಾಗುತ್ತದೆ ಅಂತ ಇವತ್ತು ತೋರಿಸುತ್ತೇನೆ.

[ದೃಶ್ಯ: ಮಾಂಟೆಸ್ಸರಿ ಶಾಲೆಯ ಗಿಡ್ಡ ಶೆಲ್ಫು]

ಇದು ನನ್ನ ತಲೆಗೆ ಹೊಳೆದದ್ದಲ್ಲ. ಮಕ್ಕಳು ಕೈಯಿಂದ ಕಲಿಯುತ್ತಾರೆ, ಸಾಮಾನು ಅವರ ಕೈಗೆಟುಕುವಂತೆ ಇಡಿ ಅಂದವರು ಇಟಲಿಯ ಶಿಕ್ಷಣ ತಜ್ಞೆ ಮರಿಯಾ ಮಾಂಟೆಸ್ಸರಿ. ಅವರು 1939ರಲ್ಲಿ ಮದ್ರಾಸಿಗೆ ಬಂದರು. ಎರಡನೇ ಮಹಾಯುದ್ಧದಿಂದಾಗಿ 1946ರವರೆಗೆ ಭಾರತದಲ್ಲೇ ಉಳಿದರು. ಅವರ ದಾರಿಯಲ್ಲೇ 1954ರಲ್ಲಿ ರೋಮ್‌ನಲ್ಲಿ ಸೋಫಿಯಾ ಕವಲ್ಲೆಟ್ಟಿ ಅನ್ನುವವರು ಮಕ್ಕಳ ಮುಂದೆ ಬೈಬಲ್ ತೆರೆದರು. ಮರದ ಕುರುಬ, ಮರದ ಕುರಿಗಳನ್ನು ಮಕ್ಕಳ ಕೈಗೇ ಕೊಟ್ಟರು. ಮುಂದೆ ಅಮೆರಿಕದ ಪಾದ್ರಿ ಜೆರೋಮ್ ಬೆರಿಮನ್ ಇದನ್ನು ಬೆಳೆಸಿ 'ಗಾಡ್ಲಿ ಪ್ಲೇ' ಅಂತ ಹೆಸರಿಟ್ಟರು.

ಇತಿಹಾಸ ಸಾಕು. ಡಬ್ಬಿ ತೆಗೆಯೋಣ.

[ದೃಶ್ಯ: ನೆಲದ ಮೇಲೆ ಚಿನ್ನದ ಬಣ್ಣದ ಡಬ್ಬಿ]

ಗಾಡ್ಲಿ ಪ್ಲೇಯಲ್ಲಿ ಸಾಮತಿಗಳ, ಅಂದರೆ ಯೇಸು ಹೇಳಿದ ದೃಷ್ಟಾಂತ ಕಥೆಗಳ ಡಬ್ಬಿಗೆ ಚಿನ್ನದ ಬಣ್ಣ ಬಳಿಯುತ್ತಾರೆ. ಒಳಗೆ ಬೆಲೆಬಾಳುವುದೇನೋ ಇದೆ ಅಂತ ಮಗುವಿಗೆ ನಾವು ಬಾಯಿಬಿಟ್ಟು ಹೇಳಬೇಕಾಗಿಲ್ಲ. ನಮ್ಮದು ಹಳೇ ಸೀರೆ ಡಬ್ಬಿ. ಟೈಲರ್ ಹತ್ತಿರ ಉಳಿದ ಹಸಿರು ಬಟ್ಟೆ ಹುಲ್ಲುಗಾವಲು. ನೀಲಿ ತುಂಡು ನೀರು. ಕಪ್ಪು ತುಂಡುಗಳು ಅಪಾಯದ ಜಾಗ. ಕಂದು ಪಟ್ಟಿಗಳು ಕುರಿಹಟ್ಟಿ.

ಕುರಿಗಳದ್ದೇ ದೊಡ್ಡ ಕಥೆ. ಅಂಗಡಿಯಿಂದ ತಂದ ಕುರಿ ನೋಡಿ ಬನ್ನೂರಿನ ಕಡೆಯ ಹುಡುಗ ಮುಖ ಸಿಂಡರಿಸಿದ. "ಕಾಲು ಇಷ್ಟುದ್ದ ಇರುತ್ತಾ? ಇದು ಕುರಿನೇ ಅಲ್ಲ." ಅವನು ಹೇಳಿದ್ದು ಸರಿ. ಬನ್ನೂರು ಕುರಿ ಅಂದರೆ ಮೋಟು ಕಾಲು, ದುಂಡು ಮೈ. ಎಲ್ಲರೂ ಕೂತು ರಟ್ಟು, ಹತ್ತಿ, ಅಂಟು ಹಿಡಿದು ಮೋಟು ಕಾಲಿನ ಐದು ಕುರಿ ಮಾಡಿದೆವು. ನಾವು ಹೇಳುವುದು ಒಳ್ಳೆಯ ಕುರುಬನ ಕಥೆ. ಬೈಬಲಿನಲ್ಲಿ ಯೋಹಾನನ ಸುವಾರ್ತೆಯ 10ನೇ ಅಧ್ಯಾಯದಲ್ಲಿ ಕುರುಬ ಮುಂದೆ ನಡೆಯುತ್ತಾನೆ, ಕುರಿಗಳು ಹಿಂದೆ. ಅದಕ್ಕೂ ಅವನ ತಕರಾರು ಇತ್ತು: "ನಮ್ಮ ತಾತ ಹಿಂದೆ ಇರ್ತಾರೆ. ಮುಂದೆ ಹೋದ್ರೆ ಕುರಿ ಕಳೆದದ್ದು ಗೊತ್ತಾಗೋದು ಹೇಗೆ?" ನನಗೆ ಉತ್ತರ ತೋಚಲಿಲ್ಲ. ಇವತ್ತಿಗೂ ತೋಚಿಲ್ಲ.

[ದೃಶ್ಯ: ಮಾತಿಲ್ಲ. ಕೈಗಳು ಕುರಿಗಳನ್ನು ಒಂದೊಂದಾಗಿ ನಡೆಸುತ್ತವೆ]

ಕಥೆ ಹೇಳುವಾಗ ಮಕ್ಕಳ ಮುಖ ನೋಡಬೇಡಿ, ಕುರಿಗಳನ್ನು ನೋಡಿ. ನಿಮ್ಮ ಕಣ್ಣು ಎಲ್ಲಿದೆಯೋ ಅವರ ಕಣ್ಣೂ ಅಲ್ಲೇ. ನಿಧಾನವಾಗಿ ನಡೆಸಿ, ಜಾಸ್ತಿ ಮಾತು ಬೇಡ.

ನಾನು ಎಡವಿದ್ದು ಇದರ ನಂತರ. ಮೊದಲ ಸಲ ಕಥೆ ಮುಗಿದ ತಕ್ಷಣ, "ಈ ಕುರುಬ ಯಾರು ಹೇಳಿ?" ಅಂದೆ. "ಯೇಸು ಸ್ವಾಮಿ!" ಅಂತ ಎಲ್ಲರೂ ಒಟ್ಟಿಗೆ ಕೂಗಿದರು. ಸರಿ ಉತ್ತರ ಬಂತು, ಕಥೆ ಅಲ್ಲಿಗೇ ಸತ್ತಿತು. ಆಮೇಲೆ ಒಬ್ಬರೂ ಕುರಿ ಮುಟ್ಟಲಿಲ್ಲ. ಚಾಕ್ಲೇಟ್ ಕೊಟ್ಟು ಬೈಬಲ್ ವಾಕ್ಯ ಬಾಯಿಪಾಠ ಹೇಳಿಸುವುದನ್ನೂ ಕೆಲವರು ಆಟ ಅನ್ನುತ್ತಾರೆ. ನನಗೆ ಅದು ಪರೀಕ್ಷೆ ಥರಾನೇ ಕಾಣುತ್ತದೆ.

ಈಗ ಬೇರೆ ಥರ ಕೇಳುತ್ತೇನೆ. "ಈ ಕುರಿಗಳಿಗೆ ಹೆಸರು ಇದೆಯೋ ಏನೋ? ಕತ್ತಲಲ್ಲಿ ಇದಕ್ಕೆ ಹೇಗಾಗಿತ್ತೋ ಏನೋ? ಈ ಜಾಗ ನಿಜಕ್ಕೂ ಎಲ್ಲಿದೆಯೋ ಏನೋ?" ಆ 'ಏನೋ' ಬಿಡಬೇಡಿ. ಟೀಚರಿಗೂ ಗೊತ್ತಿಲ್ಲ ಅಂತ ಮಗುವಿಗೆ ಅದರಿಂದಲೇ ಗೊತ್ತಾಗುತ್ತದೆ. ಕೇಳಿ, ಸುಮ್ನೆ ಇರಿ. ಆ ಮೌನ ತಡೆದುಕೊಳ್ಳುವುದು ಕಷ್ಟ. ಆಮೇಲೆ ಡಬ್ಬಿ ಅವರದ್ದು.

[ದೃಶ್ಯ: ಕಪ್ಪು ಬಟ್ಟೆಯ ಕೆಳಗೆ ಒಂದು ಉಬ್ಬು]

ಒಂದು ಭಾನುವಾರ ಐದು ವರ್ಷದ ಹುಡುಗಿಯೊಬ್ಬಳು ಕುರಿಯನ್ನು ಕಪ್ಪು ಬಟ್ಟೆಯ ಕೆಳಗೆ ಬಚ್ಚಿಟ್ಟಳು. ಕುರುಬನನ್ನು ಅದರ ಪಕ್ಕದಲ್ಲೇ ಮೂರು ಸಲ ನಡೆಸಿದಳು. ಸಿಗಲಿಲ್ಲ. "ಇವತ್ತು ಸಿಗೋದು ಬೇಡ ಟೀಚರ್" ಅಂದಳು. ಬೈಬಲಿನ ಲೂಕ 15ರಲ್ಲಿ ಕಳೆದ ಕುರಿ ಸಿಗುತ್ತಲ್ಲಮ್ಮ ಅನ್ನುವ ಮಾತು ನಾಲಿಗೆ ತುದಿಗೆ ಬಂದಿತ್ತು, ನುಂಗಿಕೊಂಡೆ. ಕುರಿಯನ್ನು ಕಪ್ಪು ಬಟ್ಟೆಯಲ್ಲೇ ಬಿಟ್ಟು ಡಬ್ಬಿ ಮುಚ್ಚಿದೆವು.

ಮುಂದಿನ ಭಾನುವಾರ ಚಪ್ಪಲಿ ಬಿಡುವ ಮೊದಲೇ ಕೇಳಿದಳು: "ಆ ಡಬ್ಬಿ ಯಾರೂ ತೆಗೆದಿಲ್ಲ ತಾನೇ?"