ಹೊಸ ಕಾರಿನ ಬಣ್ಣ ಕೆಡುವುದು ಬೆಳಗಿನ ಬಕೆಟ್ಟಿನಿಂದ

ನಮಸ್ಕಾರ. ಹೊಸ ಕಾರು ಬುಕ್ ಮಾಡಿದ್ದೀರಾ? ಡೆಲಿವರಿಗೆ ಇನ್ನೇನು ಕೆಲವೇ ದಿನ ಇದೆಯಾ? ಹಾಗಾದರೆ ಇವತ್ತಿನ ಮಾತು ನಿಮಗೇ.

ಶೋರೂಮಿನಲ್ಲಿ ಕೊನೆಯ ಬಿಲ್ ಆಗುವ ಹೊತ್ತಿಗೆ ಇನ್ನೊಂದು ಹಾಳೆ ನಿಮ್ಮ ಮುಂದೆ ಬರುತ್ತದೆ. ಬಣ್ಣದ ಮೇಲೆ ಹಚ್ಚುವ ಟೆಫ್ಲಾನ್ ಕೋಟಿಂಗ್, ಸೆರಾಮಿಕ್ ಕೋಟಿಂಗ್, ಕಾರಿನ ತಳಕ್ಕೆ ಹಚ್ಚುವ ಅಂಡರ್‌ಬಾಡಿ ಕೋಟಿಂಗ್. ಅಷ್ಟು ಲಕ್ಷ ಕೊಟ್ಟಿದ್ದೀವಿ, ಇನ್ನು ಹತ್ತು ಹದಿನೈದು ಸಾವಿರ ಏನು ಮಹಾ ಅಂತ ಸಹಿ ಹಾಕಿಬಿಡುತ್ತೇವೆ. ಮರುದಿನ ಬೆಳಿಗ್ಗೆ ಅದೇ ಕಾರನ್ನು ಅಪಾರ್ಟ್‌ಮೆಂಟಿನ ಕೆಳಗೆ ಒಂದು ಬಕೆಟ್ ನೀರಿಗೂ ಒಂದು ಹಳೇ ಬನಿಯನ್ ಬಟ್ಟೆಗೂ ಒಪ್ಪಿಸುತ್ತೇವೆ. ನನ್ನ ಅಭಿಪ್ರಾಯ ಇಷ್ಟೇ. ಕೋಟಿಂಗ್ ವಿಚಾರ ಆಮೇಲೆ. ಮೊದಲು ಆ ಬಟ್ಟೆ ಬದಲಾಗಬೇಕು.

ಯಾಕೆ ಅಂತ ಹೇಳುತ್ತೇನೆ. ಹೆಚ್ಚಿನ ಕಾರುಗಳಲ್ಲಿ ತಗಡಿನ ಮೇಲೆ ಮೊದಲು ತುಕ್ಕು ತಡೆಯುವ ಪದರ, ಅದರ ಮೇಲೆ ಪ್ರೈಮರ್, ಆಮೇಲೆ ಬಣ್ಣ, ಎಲ್ಲದರ ಮೇಲೆ ಬಣ್ಣವಿಲ್ಲದ ಕ್ಲಿಯರ್ ಕೋಟ್ ಇರುತ್ತದೆ. ಎಲ್ಲಾ ಸೇರಿದರೂ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್. ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು. ಕ್ಲಿಯರ್ ಕೋಟ್ ಒಂದನ್ನೇ ತಗೊಂಡರೆ 40 ಮೈಕ್ರಾನಿನ ಆಸುಪಾಸು. ನಮ್ಮ ತಲೆಗೂದಲು ಸುಮಾರು 70 ಮೈಕ್ರಾನ್ ದಪ್ಪ ಇರುತ್ತದೆ. ಕಾರಿನ ಹೊಳಪು, ಬಿಸಿಲಿಗೆ ಬಣ್ಣ ಮಂಕಾಗದ ಹಾಗೆ ತಡೆಯುವ ಶಕ್ತಿ, ಎರಡೂ ಇರುವುದು ಕೂದಲಿಗಿಂತ ತೆಳುವಾದ ಆ ಪದರದಲ್ಲಿ.

ಗೀರು ಬಿದ್ದರೆ ರಬ್ಬಿಂಗ್ ಪಾಲಿಷ್ ಹೊಡೆಸಿದರಾಯಿತು ಅನ್ನುತ್ತಾರೆ. ಆ ಪಾಲಿಷ್ ಗೀರನ್ನು ತುಂಬುವುದಿಲ್ಲ. ಗೀರಿನ ಸುತ್ತ ಇರುವ ಒಳ್ಳೆಯ ಕ್ಲಿಯರ್ ಕೋಟನ್ನೇ ಸವೆಸಿ ಮಟ್ಟ ಮಾಡುತ್ತದೆ. ಪ್ರತಿ ಸಲ ಒಂದಿಷ್ಟು ಮೈಕ್ರಾನ್ ಹೋಯಿತು ಅಂತಲೇ ಲೆಕ್ಕ. ವಾಪಸ್ ಬರುವುದಿಲ್ಲ. ಪ್ರತಿ ಸರ್ವಿಸಿಗೂ ಪಾಲಿಷ್ ಮಾಡಿಸುವ ಅಭ್ಯಾಸ ಇದ್ದರೆ ದಯವಿಟ್ಟು ನಿಲ್ಲಿಸಿ.

ಈಗ ಆ ಬಟ್ಟೆಗೆ ಬರೋಣ. ನಮ್ಮ ಧೂಳಿನಲ್ಲಿ ಮರಳಿದೆ, ಕಲ್ಲುಪುಡಿ ಇದೆ, ಕಟ್ಟಡ ಮತ್ತು ಮೆಟ್ರೋ ಕೆಲಸದ ಸಿಮೆಂಟ್ ಇದೆ. ಮರಳಿನ ಕಣ ಕ್ಲಿಯರ್ ಕೋಟಿಗಿಂತ ಎಷ್ಟೋ ಗಟ್ಟಿ. ಅದರ ಮೇಲೆ ಒಣ ಬಟ್ಟೆ ಎಳೆದರೆ ಮರಳು ಕಾಗದದಲ್ಲಿ ಉಜ್ಜಿದ ಹಾಗೆ. ಒದ್ದೆ ಬಟ್ಟೆ ಆದರೂ ಅದು ಅದ್ದುವ ನೀರು ಹತ್ತು ಕಾರಿನ ಮಣ್ಣು ತೊಳೆದ ನೀರೇ ಅಲ್ವಾ? ಮಧ್ಯಾಹ್ನದ ಬಿಸಿಲಲ್ಲಿ ಯಾವುದಾದರೂ ಕಪ್ಪು ಕಾರಿನ ಬಾನೆಟ್ ನೋಡಿ. ಜೇಡರ ಬಲೆಯಂತೆ ಸುತ್ತ ಸುತ್ತ ಸಣ್ಣ ಗೀರುಗಳು ಕಾಣುತ್ತವೆ. ಅವು ಒಂದು ದಿನದ್ದಲ್ಲ, ದಿನಾ ಬೆಳಿಗ್ಗೆ ಒರೆಸಿ ಒರೆಸಿ ಬಂದವು.

ಕಾರು ಒರೆಸುವ ಅಣ್ಣನನ್ನು ಇದಕ್ಕೆ ಬೈಯಬೇಡಿ. ಬೆಳಕು ಹರಿಯುವ ಮೊದಲೇ ಬಂದು, ಎಲ್ಲರೂ ಆಫೀಸಿಗೆ ಹೊರಡುವುದರೊಳಗೆ ಒಂದು ಸಾಲು ಕಾರು ಮುಗಿಸಬೇಕು ಅವರು. ನಾವು ತಿಂಗಳಿಗೆ ಕೊಡುವ ದುಡ್ಡಿನಲ್ಲಿ ಒಂದೊಂದು ಕಾರಿಗೆ ಬೇರೆ ನೀರು, ಬೇರೆ ಬಟ್ಟೆ ಎಲ್ಲಿಂದ ತರುತ್ತಾರೆ? ನಾನು ಹೇಳುವುದು ಏನೆಂದರೆ, ನಾಲ್ಕೈದು ಮೈಕ್ರೋಫೈಬರ್ ಬಟ್ಟೆ ನೀವೇ ತಂದುಕೊಡಿ. ದಿನಾ ಒರೆಸುವುದು ಬೇಡ, ವಾರಕ್ಕೊಮ್ಮೆ ಸಾಕು, ಆದರೆ ಸರಿಯಾಗಿ ತೊಳೆಯಿರಿ ಅಂತ ಹೇಳಿ. ದುಡ್ಡು ಕಡಿಮೆ ಮಾಡಬೇಡಿ, ಸಾಧ್ಯವಾದರೆ ಇನ್ನೂರು ರೂಪಾಯಿ ಜಾಸ್ತಿಯೇ ಕೊಡಿ. ಶೋರೂಮಿನ ಆ ಹಾಳೆಯ ದುಡ್ಡಿಗೆ ಇದಕ್ಕಿಂತ ಒಳ್ಳೆಯ ಉಪಯೋಗ ನನಗೆ ಕಾಣುತ್ತಿಲ್ಲ.

ಸರಿಯಾಗಿ ತೊಳೆಯುವುದು ಅಂದರೆ ಕಷ್ಟವೇನಿಲ್ಲ. ಕಾರು ನೆರಳಲ್ಲಿರಲಿ, ಬಾನೆಟ್ ತಣ್ಣಗಿರಲಿ. ಮೊದಲು ಮುಟ್ಟದೆ ನೀರು ಸುರಿದು ಮಣ್ಣು ಇಳಿಸಿ. ಆಮೇಲೆ ಎರಡು ಬಕೆಟ್. ಒಂದರಲ್ಲಿ ಕಾರ್ ಶಾಂಪೂ, ಇನ್ನೊಂದರಲ್ಲಿ ಬರೀ ನೀರು. ಬಟ್ಟೆಯನ್ನು ಪ್ರತಿ ಸಲ ಬರೀ ನೀರಿನಲ್ಲಿ ಜಾಲಿಸಿ, ಆಮೇಲೇ ಶಾಂಪೂವಿಗೆ ಅದ್ದಿ. ಮೇಲಿನಿಂದ ಕೆಳಕ್ಕೆ ಬನ್ನಿ. ಬಾಗಿಲಿನ ಕೆಳಭಾಗ, ಬಂಪರ್ ಕೊನೆಗೆ. ಚಕ್ರಕ್ಕೆ ಬೇರೆಯೇ ಬಟ್ಟೆ. ಬಟ್ಟೆ ಒಗೆಯುವ ಪುಡಿ, ಪಾತ್ರೆ ತೊಳೆಯುವ ಲಿಕ್ವಿಡ್ ಬೇಡ. ಜಿಡ್ಡು ತೆಗೆಯುವುದೇ ಅವುಗಳ ಕೆಲಸ, ಮೇಲೆ ಹಚ್ಚಿದ ವ್ಯಾಕ್ಸನ್ನೂ ತೆಗೆದುಬಿಡುತ್ತವೆ.

ನೀರಿನ ವಿಚಾರ ಬೆಂಗಳೂರಿನವರು ಸ್ವಲ್ಪ ಗಮನ ಕೊಟ್ಟು ಕೇಳಿ. 2024ರ ಮಾರ್ಚ್‌ನಲ್ಲಿ ಕುಡಿಯುವ ನೀರಿನಲ್ಲಿ ವಾಹನ ತೊಳೆದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಆದೇಶ ಹೊರಡಿಸಿತ್ತು. ಆ ಬೇಸಿಗೆ ನೆನಪಿರುವ ಯಾರೂ ಕಾವೇರಿ ನೀರನ್ನು ಪೈಪಿನಲ್ಲಿ ಕಾರಿಗೆ ಬಿಡಬಾರದು ಅಂತ ನನಗೆ ಅನ್ನಿಸುತ್ತದೆ. ಹಾಗಂತ ಬೋರ್‌ವೆಲ್ ನೀರು ಹಾಕಿ ಹಾಗೇ ಬಿಟ್ಟರೆ ಅದರ ಸುಣ್ಣದ ಅಂಶ ಬಿಳಿ ಚುಕ್ಕೆಯಾಗಿ ಕೂರುತ್ತದೆ. ಬಿಸಿಲಿಗೆ ಒಣಗಿದರೆ ಬಿಡಿಸುವುದು ಕಷ್ಟ. ಆರ್‌ಓ ಯಂತ್ರದ ವೇಸ್ಟ್ ನೀರನ್ನು ಕಾರಿಗೆ ಹಾಕುವವರು ಜಾಸ್ತಿ. ಉಳಿತಾಯದ ಯೋಚನೆ ಒಳ್ಳೆಯದೇ, ಆದರೆ ಆ ನೀರಿನಲ್ಲಿ ಉಪ್ಪಿನಂಶ ಇನ್ನೂ ಹೆಚ್ಚು. ಅದನ್ನು ಮೊದಲು ಮಣ್ಣು ಇಳಿಸುವುದಕ್ಕೆ, ಚಕ್ರಕ್ಕೆ ಬಳಸಿ. ಮನೆಯಲ್ಲಿ ಮಳೆ ನೀರು ಹಿಡಿದಿಟ್ಟಿದ್ದರೆ ಕೊನೆಯ ಒಂದು ಬಕೆಟ್ ಅದರದ್ದಾಗಲಿ, ಅದರಲ್ಲಿ ಈ ಸುಣ್ಣ ಇಲ್ಲ. ಯಾವ ನೀರಾದರೂ ತೊಳೆದ ಕೂಡಲೇ ದಪ್ಪ ಮೈಕ್ರೋಫೈಬರ್ ಟವೆಲಿನಿಂದ ಒತ್ತಿ ಒಣಗಿಸಿ.

ಪಾರ್ಕಿಂಗ್ ಬಗ್ಗೆ ಹೇಳಲೇಬೇಕು. ನೆರಳು ಸಿಕ್ಕಿತು ಅಂತ ಮರದ ಕೆಳಗೆ ನಿಲ್ಲಿಸುತ್ತೇವೆ. ಮಾವಿನ ಮರ ಹೂ ಬಿಟ್ಟಿರುವ ಕಾಲದಲ್ಲಿ ಹಾಗೆ ಮಾಡಿ ನೋಡಿ. ಸಂಜೆಗೆ ಗಾಜಿನ ಮೇಲೆಲ್ಲ ಅಂಟು. ಅದು ಮರದ ಸೊನೆ ಅಲ್ಲ. ಹೂವಿನ ರಸ ಹೀರುವ ಜಿಗಿ ಹುಳುಗಳು ಹೊರಹಾಕುವ ಸಿಹಿ ಅಂಟು. ಅದರ ಮೇಲೆ ಧೂಳು ಕೂರುತ್ತದೆ, ಅದನ್ನು ನಾವು ಒಣ ಬಟ್ಟೆಯಲ್ಲಿ ತಿಕ್ಕುತ್ತೇವೆ. ನೇರಳೆ ಹಣ್ಣಿನ ಕಾಲದಲ್ಲಂತೂ ಆ ಬಣ್ಣ ಬಿಳಿ ಕಾರಿನ ಮೇಲೆ ಬಿದ್ದರೆ ಕಥೆ ಬೇರೆ. ಹಕ್ಕಿ ಹಿಕ್ಕೆ ಎಲ್ಲಕ್ಕಿಂತ ಕೆಟ್ಟದ್ದು. ಅದರಲ್ಲಿ ಯೂರಿಕ್ ಆಮ್ಲ ಇರುತ್ತದೆ. ಬಿಸಿಲಿಗೆ ಕಾದ ಕ್ಲಿಯರ್ ಕೋಟ್ ಮೆತ್ತಗಾದಾಗ ಅದು ಒಳಗೆ ಕೊರೆದು ಗುರುತು ಬಿಡುತ್ತದೆ. ಭಾನುವಾರದ ವಾಶ್‌ಗೆ ಕಾಯಬೇಡಿ. ನೀರಲ್ಲಿ ನೆನೆಸಿದ ಬಟ್ಟೆ ಅದರ ಮೇಲೆ ಐದು ನಿಮಿಷ ಇಡಿ, ನೆಂದ ಮೇಲೆ ಮೆಲ್ಲಗೆ ಎತ್ತಿ ತೆಗೆಯಿರಿ.

ಇನ್ನು ಪೂಜೆ. ಹೊಸ ಕಾರಿಗೆ ಪೂಜೆ ಆಗಲೇಬೇಕು, ನನಗೂ ಅದರಲ್ಲಿ ನಂಬಿಕೆ ಇದೆ. ಅರಿಶಿನ, ಕುಂಕುಮ, ಗಂಧವನ್ನು ಬಾನೆಟ್ಟಿನ ಬದಲು ಮುಂದಿನ ಗಾಜಿಗೆ ಹಚ್ಚಿಸಿ. ಗಾಜಿಗೆ ಏನೂ ಆಗುವುದಿಲ್ಲ. ಬಾನೆಟ್ಟಿಗೇ ಹಚ್ಚಿದ್ದರೆ ಸಂಜೆಯೊಳಗೆ ನೀರು ಹಾಕಿ ಇಳಿಸಿ, ಒಣಗಿದ ಪುಡಿಯನ್ನು ಕೈಯಲ್ಲಿ ಉಜ್ಜಬೇಡಿ. ಹಾರದಲ್ಲಿ ತಂತಿ ಇದೆಯಾ ಅಂತ ಮುಟ್ಟಿ ನೋಡಿ. ಆಯುಧ ಪೂಜೆಗೆ ಬಾಳೆ ಕಂದು ಕಟ್ಟಿದರೆ ಪೂಜೆ ಮುಗಿದ ಮೇಲೆ ಬಿಚ್ಚಿಬಿಡಿ. ಅದನ್ನು ಕಟ್ಟಿಕೊಂಡೇ ಊರು ಸುತ್ತಿದರೆ ಗಾಳಿಗೆ ಬಂಪರ್ ಉಜ್ಜುತ್ತದೆ. ಬಾಳೆ ಸೊನೆಯ ಕಲೆ ಎಂಥದ್ದು ಅಂತ ನಮ್ಮೆಲ್ಲರ ಬಟ್ಟೆಗೂ ಗೊತ್ತು.

ಈಗ ಕೋಟಿಂಗ್. ಸೆರಾಮಿಕ್ ಕೋಟಿಂಗಿನಲ್ಲಿ ಗುಣ ಇಲ್ಲ ಅಂತಲ್ಲ. ನೀರು ನಿಲ್ಲುವುದಿಲ್ಲ, ಮಣ್ಣು ಸುಲಭವಾಗಿ ಬಿಡುತ್ತದೆ, ಹೊಳಪು ಚೆನ್ನಾಗಿರುತ್ತದೆ. ಆದರೆ ಅದು ತುಂಬಾ ತೆಳು ಪದರ. ಟಿಪ್ಪರ್ ಹಿಂದೆ ಹೋಗುವಾಗ ಹಾರಿಬರುವ ಜಲ್ಲಿಯನ್ನು ಅದು ತಡೆಯುವುದಿಲ್ಲ. ಕೋಟಿಂಗ್ ಮಾರುವವರು 9ಎಚ್ ಗಟ್ಟಿ ಅಂತ ಹೇಳುತ್ತಾರಲ್ಲ, ಅದು ಪೆನ್ಸಿಲ್ ಸೀಸದ ಗಟ್ಟಿತನದ ಅಳತೆ. ಮರಳು ಅದಕ್ಕೂ ಗಟ್ಟಿ. ಕಲ್ಲೇಟು ತಡೆಯುವುದು ಪಿಪಿಎಫ್, ಅಂದರೆ 150ರಿಂದ 200 ಮೈಕ್ರಾನ್ ದಪ್ಪದ ಪಾರದರ್ಶಕ ಫಿಲ್ಮ್. ಒಳ್ಳೆಯ ಫಿಲ್ಮ್ ಆದರೆ ಸಣ್ಣ ಗೀರು ಬಿಸಿಲ ಬಿಸಿಗೇ ಮುಚ್ಚಿಕೊಳ್ಳುತ್ತದೆ. ಇಡೀ ಕಾರಿಗೆ ಹಾಕಿಸಿದರೆ ದುಬಾರಿ. ಹೈವೇ ಓಡಾಟ ಜಾಸ್ತಿ ಇರುವವರು ಮುಂದಿನ ಬಂಪರ್, ಬಾನೆಟ್, ಪಕ್ಕದ ಕನ್ನಡಿಯ ಕವರ್, ಬಾಗಿಲ ಅಂಚು, ಹಿಡಿಯ ಹಿಂದಿನ ಗುಳಿ, ಇಷ್ಟಕ್ಕೆ ಹಾಕಿಸಿದರೂ ಬಹಳ ಉಪಯೋಗ. ಊರೊಳಗೇ ಓಡಿಸುವವರಿಗೆ ಮೂರು ತಿಂಗಳಿಗೊಮ್ಮೆ ಕೈಯಲ್ಲಿ ಹಚ್ಚುವ ವ್ಯಾಕ್ಸ್ ಸಾಕು. ಹೊಸ ಪೇಂಟಿಗೆ ಆರು ತಿಂಗಳು ವ್ಯಾಕ್ಸ್ ಹಚ್ಚಬಾರದು ಅನ್ನುವ ಮಾತು ಕಾರ್ಖಾನೆಯ ಪೇಂಟಿಗೆ ಸಲ್ಲುವುದಿಲ್ಲ. ಅದನ್ನು ಸುಮಾರು 140 ಡಿಗ್ರಿ ಬಿಸಿಯಲ್ಲಿ ಬೇಯಿಸಿಯೇ ಹೊರಗೆ ಕಳಿಸುತ್ತಾರೆ. ಗ್ಯಾರೇಜಿನಲ್ಲಿ ಹೊಸದಾಗಿ ಪೇಂಟ್ ಮಾಡಿಸಿದ ಬಾಗಿಲಿಗೆ ಮಾತ್ರ ಕೆಲವು ವಾರ ಬಿಡಬೇಕು.

ಡೆಲಿವರಿಗೆ ಮುಂಚೆ ಶೋರೂಮಿಗೆ ಒಂದು ಮಾತು ಹೇಳಿಡಿ. ತೊಳೆದು ಪಾಲಿಷ್ ಮಾಡುವುದು ಬೇಡ, ಹಾಗೇ ಕೊಡಿ ಅಂತ. ಕಾರನ್ನು ಬಿಸಿಲಿಗೆ ತರಿಸಿ, ನಾಲ್ಕೂ ಕಡೆ ನೋಡಿ, ಆಮೇಲೆ ಹಣ ಪೂರ್ತಿ ಕಟ್ಟಿ.

ಇನ್ನು ಚಕ್ರ. ಡೈಮಂಡ್ ಕಟ್ ಅಲಾಯ್ ಚಕ್ರ ನೋಡುವುದಕ್ಕೆ ಚಂದ. ಆದರೆ ಆ ಹೊಳೆಯುವ ಮೈ ಕಡೆದು ತೆಗೆದ ಅಲ್ಯೂಮಿನಿಯಂ, ಅದಕ್ಕೆ ಕಾವಲು ಒಂದು ತೆಳು ಲ್ಯಾಕರ್, ಅಂದರೆ ಬಣ್ಣವಿಲ್ಲದ ಲೇಪ, ಮಾತ್ರ. ಫುಟ್‌ಪಾತ್ ಕಲ್ಲಿಗೆ ಒಮ್ಮೆ ತಾಗಿದರೆ ಲ್ಯಾಕರ್ ಒಡೆದು ಒಳಗೆ ನೀರು ಸೇರುತ್ತದೆ. ಬಿಳಿ ಹುಳು ಹರಿದಂತೆ ತುಕ್ಕು ಹಬ್ಬುತ್ತದೆ. ಮಂಗಳೂರು, ಉಡುಪಿ, ಕಾರವಾರದ ಉಪ್ಪು ಗಾಳಿಯಲ್ಲಿ ಇದು ಇನ್ನೂ ಬೇಗ. ಮುಂದಿನ ಚಕ್ರಗಳು ಬೇಗ ಕಪ್ಪಾಗುವುದು ಬ್ರೇಕಿನ ಪುಡಿಯಿಂದ. ಅದರಲ್ಲಿ ಕಬ್ಬಿಣದ ಕಣ ಇರುತ್ತದೆ, ಬಿಸಿ ಇದ್ದಾಗಲೇ ಕೂತು ಕಚ್ಚಿಕೊಳ್ಳುತ್ತದೆ. ವಾರಕ್ಕೊಮ್ಮೆ ತಣ್ಣಗಿರುವಾಗ ಶಾಂಪೂ ನೀರಿನಲ್ಲಿ ತೊಳೆದರೆ ಸಾಕು. ಆಸಿಡ್ ಬೇಡ. ಟೈರಿಗೆ ಡೀಸೆಲ್ ಒರೆಸುವವರನ್ನು ತಡೆಯಿರಿ, ರಬ್ಬರ್ ಹಾಳಾಗುತ್ತದೆ.

ಒಂದೇ ಮಾದರಿಯ ಕಾರಿಗೆ ಎರಡು ಅಳತೆಯ ಚಕ್ರದ ಆಯ್ಕೆ ಇದೆ ಅಂದರೆ ನಮ್ಮ ರಸ್ತೆಗಳಿಗೆ ನಾನು ಚಿಕ್ಕ ಚಕ್ರವನ್ನೇ ಆರಿಸುತ್ತೇನೆ. ಚಕ್ರ ಚಿಕ್ಕದಾದರೆ ಟೈರಿನ ಪಕ್ಕದ ಗೋಡೆ ಎತ್ತರ ಇರುತ್ತದೆ, ಅದು ಎತ್ತರ ಇದ್ದಷ್ಟೂ ಗುಂಡಿಯ ಏಟನ್ನು ನುಂಗುತ್ತದೆ. ಗಾಳಿ ಎಷ್ಟಿರಬೇಕು ಅನ್ನುವುದು ಹೆಚ್ಚಿನ ಕಾರುಗಳಲ್ಲಿ ಡ್ರೈವರ್ ಬಾಗಿಲ ಪಕ್ಕದ ಸ್ಟಿಕ್ಕರಿನಲ್ಲೇ ಇದೆ. ಬೆಳಿಗ್ಗೆ ಟೈರ್ ತಣ್ಣಗಿರುವಾಗ ನೋಡಿಸಿ. ಗಾಳಿ ಕಡಿಮೆ ಇದ್ದು ಗುಂಡಿಗೆ ಇಳಿದರೆ ರಿಮ್ ಬಾಗುತ್ತದೆ. ಗುಂಡಿ ತಪ್ಪಿಸಲು ಆಗಲಿಲ್ಲ ಅಂದರೆ ಮೊದಲೇ ಬ್ರೇಕ್ ಹಿಡಿದು ವೇಗ ಇಳಿಸಿ, ಚಕ್ರ ಗುಂಡಿಗೆ ಇಳಿಯುವ ಹೊತ್ತಿಗೆ ಬ್ರೇಕ್ ಬಿಡಿ. ಜೋರು ಏಟು ಬಿದ್ದಿದ್ದರೆ ಇಳಿದು ಟೈರಿನ ಪಕ್ಕ ನೋಡಿ. ಉಬ್ಬು ಬಂದಿದ್ದರೆ ಅದು ರಿಪೇರಿ ಆಗುವುದಿಲ್ಲ, ಟೈರ್ ಬದಲಿಸಲೇಬೇಕು. ಬದಲಿಸುವಾಗ ಚಕ್ರದ ನಟ್ಟುಗಳನ್ನು ಮೊದಲು ಕೈಯಲ್ಲಿ ಕೂರಿಸಿ, ಆಮೇಲೆ ಎಷ್ಟು ಬಿಗಿ ಅಂತ ಅಳೆದು ತಿರುಗಿಸುವ ಟಾರ್ಕ್ ರೆಂಚಿನಲ್ಲಿ ಬಿಗಿ ಮಾಡಿ ಅಂತ ಕೇಳಿ. ನೂರು ಕಿಲೋಮೀಟರ್ ಓಡಿದ ಮೇಲೆ ಆ ನಟ್ಟುಗಳನ್ನು ಇನ್ನೊಮ್ಮೆ ನೋಡಿಸಿ.