ಖಾಲಿ ಡಬ್ಬಿ ಕೊಡಿ ಸಾಕು

ಎಲ್ಲರಿಗೂ ನಮಸ್ಕಾರ. ಈ ಮಳೆಯಲ್ಲೂ ಇಷ್ಟು ಜನ ಬಂದಿದ್ದೀರಿ, ತುಂಬ ಸಂತೋಷ.

ದೇವರನ್ನು ಪ್ರೀತಿಸಬೇಕು ಅಂತ ನಾವು ಚಿಕ್ಕಂದಿನಲ್ಲಿ ದೊತೊರ್ನ್ ಕ್ಲಾಸಿಗೆ, ಅಂದರೆ ಧರ್ಮೋಪದೇಶದ ಕ್ಲಾಸಿಗೆ, ಹೋಗುವಾಗಿನಿಂದ ಕಲಿತಿದ್ದೇವೆ. ಆದರೆ ದೇವರು ನಮ್ಮನ್ನು ಪ್ರೀತಿಸುವಾಗ ಸುಮ್ನೆ ಕೂತು ಅದನ್ನು ತೆಗೆದುಕೊಳ್ಳುವುದು ಹೇಗೆ? ನನಗಂತೂ ಇದೇ ಜಾಸ್ತಿ ಕಷ್ಟ.

ಕಳೆದ ವರ್ಷ ಆಟಿ ತಿಂಗಳ ಮಳೆಯಲ್ಲಿ ಅಂಗಳದ ಪಾಚಿಯ ಮೇಲೆ ಜಾರಿ ಬಿದ್ದು ನನ್ನ ಬಲಗೈ ಮುರಿಯಿತು. ಮನೆಯಲ್ಲಿ ನಾನು, ವಯಸ್ಸಾದ ಅಮ್ಮ, ಇಬ್ಬರೇ. ಪಕ್ಕದ ಮನೆಯ ಅಕ್ಕ ದಿನಾ ಬೆಳಿಗ್ಗೆ ಸ್ಟೀಲ್ ಡಬ್ಬಿಯಲ್ಲಿ ಬಿಸಿ ಕುಚ್ಚಲಕ್ಕಿ ಗಂಜಿ, ಜೊತೆಗೆ ಸ್ವಲ್ಪ ಹುರುಳಿ ಚಟ್ನಿ ತರುತ್ತಿದ್ದರು. ನಮ್ಮೂರಿನ ಪದ್ಧತಿ ನಿಮಗೆ ಗೊತ್ತಲ್ಲ, ಯಾರದ್ದೇ ಪಾತ್ರೆಯನ್ನು ಖಾಲಿ ವಾಪಸ್ ಕೊಡುವುದಿಲ್ಲ, ಒಂದು ಹಿಡಿ ಸಕ್ಕರೆಯಾದರೂ ಹಾಕಿ ಕೊಡುತ್ತೇವೆ. ಒಳ್ಳೆಯ ಪದ್ಧತಿಯೇ. ಆದರೆ ನಾಲ್ಕನೆಯ ದಿನ ಮನೆಯಲ್ಲಿ ಹಾಕಿ ಕೊಡಲು ಏನೂ ಇರಲಿಲ್ಲ, ಅಂಗಡಿಗೆ ಹೋಗಲು ಆಗುತ್ತಿರಲಿಲ್ಲ, ಅವರು ಬಂದಾಗ ನಾನು ಡಬ್ಬಿ ಇನ್ನೂ ತೊಳೆದಿಲ್ಲ ಅಂತ ಸುಳ್ಳು ಹೇಳಿದೆ. ಅವರಿಗೆ ಅರ್ಥವಾಯಿತು. "ಖಾಲಿ ಡಬ್ಬಿ ಕೊಡಿ ಸಾಕು ಮಾರಾಯ್ರೆ, ನಾಳೆ ಗಂಜಿ ಹಾಕಬೇಕಲ್ಲ" ಅಂದರು.

ಆ ಮಾತು ನನ್ನೊಳಗೆ ಇಳಿಯಿತು. ಅಷ್ಟು ವರ್ಷ ನಾನು ಪ್ರಾರ್ಥನೆ ಮಾಡುತ್ತಿದ್ದದ್ದೂ ಹಾಗೆಯೇ ಅಲ್ವಾ? ಇಷ್ಟು ಜಪಮಾಲೆಯ ತೇರ್ಸ್, ಇಷ್ಟು ಉಪವಾಸ, ಇಷ್ಟು ದಾನ, ಡಬ್ಬಿಯಲ್ಲಿ ಏನಾದರೂ ಹಾಕಿಕೊಂಡೇ ದೇವರ ಮುಂದೆ ಹೋಗುತ್ತಿದ್ದೆ. ಹಾಕಲು ಏನೂ ಇಲ್ಲದ ದಿನ, ಅಂದರೆ ಸಿಟ್ಟು ಮಾಡಿಕೊಂಡ ದಿನ, ಪಾಪ ಮಾಡಿದ ದಿನ, ಇಗರ್ಜಿಯ ಕಡೆಗೆ ಕಾಲೇ ಹೋಗುತ್ತಿರಲಿಲ್ಲ.

ಯೇಸುವಿನ ಶಿಷ್ಯ ಪೇತ್ರನೂ ಇದೇ ಮಾಡಿದ. ಬೈಬಲಿನಲ್ಲಿ ಯೊವಾನ್ನನ ಶುಭಸಂದೇಶ, 13ನೇ ಅಧ್ಯಾಯ. ಯೇಸುಸ್ವಾಮಿ ಸೊಂಟಕ್ಕೆ ಬಟ್ಟೆ ಕಟ್ಟಿಕೊಂಡು, ಬೋಗುಣಿಯಲ್ಲಿ ನೀರು ಹಾಕಿ ಶಿಷ್ಯರ ಕಾಲು ತೊಳೆಯುತ್ತಾರೆ, ಪೇತ್ರ ಮಾತ್ರ ಎಂದಿಗೂ ಬೇಡ ಅನ್ನುತ್ತಾನೆ. ಕೇಳಲು ವಿನಯದ ಹಾಗೇ ಇದೆ. ಆದರೆ ಯೇಸು ಅದನ್ನು ಒಪ್ಪಲಿಲ್ಲ. ತೊಳೆಯಲು ಬಿಡದಿದ್ದರೆ ನನ್ನಲ್ಲಿ ನಿನಗೆ ಪಾಲಿಲ್ಲ ಅಂದರು. ಒಂದು ಸಲ ಪವಿತ್ರ ಗುರುವಾರದ ಪೂಜೆಯಲ್ಲಿ ಕಾಲು ತೊಳೆಸಿಕೊಳ್ಳುವ ಹನ್ನೆರಡು ಜನರಲ್ಲಿ ನಾನೂ ಒಬ್ಬನಾಗಿದ್ದೆ. ಮನೆಯಿಂದ ಹೊರಡುವ ಮೊದಲೇ ಸೋಪು ಹಾಕಿ, ಹಿಮ್ಮಡಿ ತಿಕ್ಕಿ, ಉಗುರು ಕತ್ತರಿಸಿಕೊಂಡು ಹೋಗಿದ್ದೆ, ಫಾದರ್ ಕೈಗೆ ಕೊಳೆ ಸಿಗಬಾರದು ಅಂತ. ಆ ರಾತ್ರಿ ಊಟದ ಕೋಣೆಯಲ್ಲಿ ಕೂತವರ ಕಾಲಲ್ಲಿ ದಾರಿಯ ಧೂಳಿತ್ತು. ಯೇಸುವನ್ನು ಹಿಡಿದುಕೊಡಲಿದ್ದ ಯೂದನೂ ಅಲ್ಲೇ ಇದ್ದ. ಅವನು ಎದ್ದು ಹೊರಗೆ ಹೋದದ್ದು ಆಮೇಲೆ. ಇದನ್ನು ಓದುವಾಗೆಲ್ಲ ನನಗೆ ಗಂಟಲು ಕಟ್ಟುತ್ತದೆ.

ಹಾಗಾದರೆ ಸೇವೆ ಬೇಡವೇ ಅಂತ ಕೇಳಬಹುದು. ಬೇಕು. ನೀವೂ ಒಬ್ಬರ ಕಾಲು ಒಬ್ಬರು ತೊಳೆಯಬೇಕು ಅಂತ ಯೇಸು ಅದೇ ಅಧ್ಯಾಯದಲ್ಲಿ ಹೇಳುತ್ತಾರೆ, ಆದರೆ ಮೊದಲು ತಾವೇ ಶಿಷ್ಯರ ಕಾಲು ತೊಳೆದ ಮೇಲೆ.

ನಮ್ಮ ಮಂಗಳೂರಿಗೇ ಸೇರಿದ ಒಬ್ಬ ಸಂತಳಿದ್ದಾಳೆ, ಎಷ್ಟೋ ಜನರಿಗೆ ಗೊತ್ತಿಲ್ಲ. ಮರಿಯಂ ಬವಾರ್ದಿ, ಯೇಸುವಿನ ನಾಡಾದ ಗಲಿಲೇಯದ ಹುಡುಗಿ, ಹುಟ್ಟಿದ್ದು 1846ರಲ್ಲಿ. ಮೂರು ವರ್ಷ ತುಂಬುವ ಮೊದಲೇ ಅಪ್ಪ ಅಮ್ಮ ಇಬ್ಬರೂ ಹೋದರು. ಓದು ಬರಹ ಅಷ್ಟಕ್ಕಷ್ಟೆ. 1870ರಲ್ಲಿ ಫ್ರಾನ್ಸಿನಿಂದ ಕಾರ್ಮೆಲ್ ಸಭೆಯ ಸಿಸ್ಟರುಗಳ ಜೊತೆ ಹಡಗು ಹತ್ತಿ ಇಲ್ಲಿಗೆ ಬಂದಳು, ದಾರಿಯಲ್ಲೇ ಮೂವರು ಸಿಸ್ಟರುಗಳು ತೀರಿಕೊಂಡರು. 1871ರ ನವೆಂಬರ್ 21ರಂದು ಇದೇ ಮಂಗಳೂರಿನಲ್ಲಿ ವ್ರತ ತೆಗೆದುಕೊಂಡಳು. ಮರುವರ್ಷ ಅವಳ ಬಗ್ಗೆ ಅನುಮಾನ ಹುಟ್ಟಿ ವಾಪಸ್ ಕಳಿಸಿದರು. ಅವಳು ತನ್ನನ್ನು ಕರೆದುಕೊಳ್ಳುತ್ತಿದ್ದದ್ದು "ಪುಟ್ಟ ಶೂನ್ಯ" ಅಂತ. ಮನಸ್ಸು ಮುರಿದು ಹೇಳಿದ ಮಾತಲ್ಲ ಅದು, ಎಲ್ಲವನ್ನೂ ದೇವರ ಕೈಯಿಂದಲೇ ತೆಗೆದುಕೊಳ್ಳುತ್ತೇನೆ ಅನ್ನುವವಳ ಧೈರ್ಯ ಅಂತ ನನಗನಿಸುತ್ತದೆ. 2015ರ ಮೇ 17ರಂದು ಪೋಪ್ ಫ್ರಾನ್ಸಿಸ್ ಅವಳನ್ನು ಸಂತಳೆಂದು ಘೋಷಿಸಿದರು.

ನನ್ನ ಮಾತು ಇಷ್ಟೇ. ಈಗ ಹತ್ತು ನಿಮಿಷ ಪರಮಪ್ರಸಾದದ ಮುಂದೆ ಕೂರೋಣ. ಪುಸ್ತಕ ತೆರೆಯಬೇಡಿ, ತೇರ್ಸಿನ ಮಣಿ ಜೇಬಲ್ಲೇ ಇರಲಿ. ಹೇಗೆ ಬಂದಿದ್ದೀರೋ ಹಾಗೇ ಕೂರಿ.