ಬ್ಯಾಂಕ್ ಹರಾಜಿನ ಸೈಟು: ಬಿಡ್‌ಗೆ ಮೊದಲು ಚಕ್ಕುಬಂದಿ ಓದಿ

"ಬ್ಯಾಂಕೇ ಹರಾಜು ಹಾಕುತ್ತಿದೆ ಅಂದಮೇಲೆ ಕಾಗದಪತ್ರ ಸರಿಯಾಗೇ ಇರಬೇಕು ಅಲ್ವಾ?" ನಿಮ್ಮಲ್ಲಿ ತುಂಬಾ ಜನ ಇದನ್ನೇ ಕೇಳಿದ್ದೀರಿ. ದಯವಿಟ್ಟು ಹಾಗೆ ನಂಬಿ ಬಿಡ್ ಹಾಕಬೇಡಿ.

ಸಾಲ ತೀರದಿದ್ದರೆ ಬ್ಯಾಂಕು 2002ರ ಸರ್ಫೇಸಿ ಕಾಯ್ದೆಯಡಿ ಅಡವಿಟ್ಟ ಆಸ್ತಿ ಮಾರುತ್ತದೆ. ಇಷ್ಟು ನಿಮಗೆ ಗೊತ್ತು. ಆದರೆ ನೋಟಿಸಿನಲ್ಲಿ ಸಣ್ಣಕ್ಷರದ ಷರತ್ತು ಓದಿ: "ಎಲ್ಲಿದೆಯೋ ಅಲ್ಲೇ, ಹೇಗಿದೆಯೋ ಹಾಗೇ." ಸಾಲಗಾರನಿಗೆ ಎಷ್ಟು ಹಕ್ಕಿತ್ತೋ ನಿಮಗೂ ಅಷ್ಟೇ. ಸಾಲಗಾರ ತನ್ನ ತಂಗಿಯ ಪಾಲನ್ನೂ ಸೇರಿಸಿ ಅಡವಿಟ್ಟಿದ್ದರೆ, ಆಕೆಯ ದಾವೆ ನಾಳೆ ನಿಮ್ಮ ಬಾಗಿಲಿಗೆ ಬರುತ್ತದೆ.

ಮೊದಲ ಕೆಲಸ ಇಸಿ, ಅಂದರೆ ಆಸ್ತಿಯ ಮೇಲೆ ನೋಂದಣಿಯಾದ ವ್ಯವಹಾರಗಳನ್ನು ತೋರಿಸುವ ಋಣಭಾರ ಪ್ರಮಾಣಪತ್ರ. ರಾಜ್ಯ ನೋಂದಣಿ ಇಲಾಖೆಯ ಕಾವೇರಿ ಪೋರ್ಟಲ್‌ನಲ್ಲಿ ಅರ್ಜಿ ಹಾಕಿ. 30 ವರ್ಷದ್ದು ಬೇಕು, ಹಳೆಯದಕ್ಕೆ ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗಬೇಕಾಗಬಹುದು. ವ್ಯವಹಾರ ಇದ್ದರೆ ಫಾರಂ 15, ಏನೂ ಇಲ್ಲದಿದ್ದರೆ ಫಾರಂ 16.

ಈ ಫಾರಂ 16 ಹತ್ತಿರ ಸ್ವಲ್ಪ ನಿಲ್ಲೋಣ. ಜನ ಎಡವುವುದು ಇಲ್ಲೇ. ಸಾಲಗಾರ ಆ ಅವಧಿಯಲ್ಲೇ ಸೈಟು ಕೊಂಡಿದ್ದರೆ, ಅವನ ಕ್ರಯಪತ್ರವಾದರೂ ಇಸಿಯಲ್ಲಿ ಕಾಣಬೇಕು ತಾನೇ? ಕಾಣಲಿಲ್ಲ ಅಂದರೆ ನೀವು ಬೇರೆ ನಂಬರಿನಲ್ಲಿ ಹುಡುಕಿರಬಹುದು. ಹೊಲವಾಗಿದ್ದಾಗ ಸರ್ವೆ ನಂಬರ್, ಲೇಔಟ್ ಆದಮೇಲೆ ಸೈಟ್ ನಂಬರ್, ಆಮೇಲೆ ಖಾತಾ ನಂಬರ್. ಜಾಗ ಮಾತ್ರ ಅದೇ. ಒಬ್ಬನೇ ಹುಡುಗ ಶಾಲೆಯಲ್ಲಿ ವೆಂಕಟೇಶ, ಮನೆಯಲ್ಲಿ ಪುಟ್ಟ, ಬೀದಿಯಲ್ಲಿ ಕೆಂಚ ಆಗಿರುವುದಿಲ್ಲವೇ, ಹಾಗೆ. ಅಂಗಡಿಗೆ ಹೋಗಿ "ಪುಟ್ಟನ ಲೆಕ್ಕ ಬಾಕಿ ಇದೆಯಾ?" ಅಂದರೆ "ಇಲ್ಲ" ಅನ್ನುತ್ತಾರೆ. ಬಾಕಿ ಬರೆದಿರುವುದು ವೆಂಕಟೇಶನ ಪುಟದಲ್ಲಿ. ಅದಕ್ಕೇ ಮೂರು ನಂಬರಿನಲ್ಲೂ ಇಸಿ ತೆಗೆಸಿ.

[ತೆರೆಯ ಮೇಲೆ: ಹರಾಜು ನೋಟಿಸಿನ ಷೆಡ್ಯೂಲ್, ನಾಲ್ಕು ದಿಕ್ಕಿಗೆ ಗೆರೆ]

ಈ ನಂಬರುಗಳ ಗೊಂದಲದಲ್ಲಿ ನಿಮ್ಮ ಕೈಹಿಡಿಯುವುದು ಚಕ್ಕುಬಂದಿ, ಅಂದರೆ ಸೈಟಿನ ನಾಲ್ಕು ದಿಕ್ಕಿಗೆ ಏನಿದೆ ಅನ್ನುವ ಗಡಿ ವಿವರ. ನೋಟಿಸಿನದನ್ನೂ ಕ್ರಯಪತ್ರದ್ದನ್ನೂ ಪಕ್ಕಪಕ್ಕ ಇಟ್ಟು ಓದಿ. ಎರಡನ್ನೂ ಹಿಡಿದು ಸೈಟಿನಲ್ಲೇ ನಿಲ್ಲಿ. ಪೂರ್ವಕ್ಕೆ ರಸ್ತೆ ಅಂತ ಬರೆದ ಕಡೆ ಪಕ್ಕದವರ ಕಾಂಪೌಂಡ್ ಇದ್ದರೆ, ಅಲ್ಲಿಂದ ಸೀದಾ ವಕೀಲರ ಹತ್ತಿರ ಹೋಗಿ.

ಸಮಯ ಕಡಿಮೆ ಇದೆ, ಉಳಿದದ್ದು ಬೇಗ ಹೇಳುತ್ತೇನೆ. ನೋಂದಣಿಯಾಗದ ಉಯಿಲು, ಬಾಯಿಮಾತಿನ ಪಾಲು ಇಸಿಯಲ್ಲಿ ಬರುವುದಿಲ್ಲ. ಕೋರ್ಟ್ ಕೇಸಿಗೆ ಇ-ಕೋರ್ಟ್ಸ್‌ನಲ್ಲಿ, ಡಿಆರ್‌ಟಿಯಲ್ಲಿ (ಸಾಲ ವಸೂಲಾತಿ ನ್ಯಾಯಮಂಡಳಿ) ಸಾಲಗಾರನ ಹೆಸರು ಹಾಕಿ ಹುಡುಕಿ. ಮೂಲ ಜಮೀನು ಪರಿಶಿಷ್ಟರಿಗೆ ಸರ್ಕಾರ ಮಂಜೂರು ಮಾಡಿದ್ದಾಗಿದ್ದು, ಅನುಮತಿಯಿಲ್ಲದೆ ಕೈಬದಲಾಗಿದ್ದರೆ, 1978ರ ಪಿಟಿಸಿಎಲ್ ಕಾಯ್ದೆಯಡಿ ಮಾರಾಟವೇ ರದ್ದಾಗಬಹುದು. ಹಳೇ ಮಾಲೀಕನ ಕರೆಂಟ್ ಬಾಕಿಯೂ ನಿಮ್ಮ ತಲೆಗೆ ಬರಬಹುದು, 2023ರಲ್ಲಿ ಸುಪ್ರೀಂ ಕೋರ್ಟ್ ಈ ಬಗ್ಗೆ ತೀರ್ಪು ಕೊಟ್ಟಿದೆ. ನೋಟಿಸಿನಲ್ಲಿ "ಸಾಂಕೇತಿಕ ಸ್ವಾಧೀನ" ಅಂತಿದ್ದರೆ, ಅಂದರೆ ಬ್ಯಾಂಕಿನ ಸ್ವಾಧೀನ ಕಾಗದದ ಮೇಲೆ ಮಾತ್ರ ಆಗಿದ್ದರೆ, ಒಳಗೆ ಇನ್ನೂ ಜನ ವಾಸ ಇರಬಹುದು.

ಇದನ್ನೆಲ್ಲ ಗೆದ್ದಮೇಲೆ ನೋಡೋಣ ಅಂದರೆ ಆಗುವುದಿಲ್ಲ. ಅದೇ ದಿನ, ತಪ್ಪಿದರೆ ಮುಂದಿನ ಕೆಲಸದ ದಿನದೊಳಗೆ, ಮುಂಗಡ ಠೇವಣಿ ಸೇರಿ ಬಿಡ್ ಮೊತ್ತದ 25% ಕಟ್ಟಬೇಕು. ಉಳಿದದ್ದಕ್ಕೆ ಸಾಮಾನ್ಯವಾಗಿ 15 ದಿನ. ಕಟ್ಟದಿದ್ದರೆ ಕೊಟ್ಟ ದುಡ್ಡೂ ಹೋಗುತ್ತದೆ. ಆಸ್ತಿ ನೋಡುವ ದಿನ ನೋಟಿಸಿನಲ್ಲೇ ಇದ್ದರೆ ಅವತ್ತೇ ಹೋಗಿ. ಜೊತೆಗೊಂದು ಅಳತೆ ಟೇಪು ಇರಲಿ.